ಒರೆಸುವುದೂ ಉಜ್ಜುವುದೂ

ನಮ್ಮ ಮನೆಗಳಲ್ಲಿ ವಸ್ತುವೊಂದು ಶುಚಿಯಾಯಿತೆಂದು ಒಪ್ಪಬೇಕಾದರೆ ಅದು ಹೊಳೆಯಲೇಬೇಕು. ಹಿತ್ತಾಳೆಯ ಚೊಂಬಿಗೆ ಹುಣಸೆಹಣ್ಣು, ಬೆಳ್ಳಿಯ ದೀಪಕ್ಕೆ ವಿಭೂತಿ, ಚಿನ್ನದ ಸರಕ್ಕೆ ಅಂಟುವಾಳದ ನೊರೆ, ಹೀಗೆ ಒಂದೊಂದಕ್ಕೂ ಒಂದೊಂದು ಮದ್ದನ್ನು ಹಿರಿಯರು ಗೊತ್ತುಮಾಡಿಟ್ಟಿದ್ದಾರೆ. ಕೈಗಡಿಯಾರಕ್ಕೆ ಯಾವ ಮದ್ದೆಂಬುದನ್ನು ಮಾತ್ರ ಅವರು ಹೇಳಿಹೋಗಿಲ್ಲ. ಹೇಳದೆ ಹೋದುದೇ ಒಳಿತಾಯಿತೆಂದು ಈಚೆಗೆ ನನಗೆ ತೋರುತ್ತಿದೆ.

ಹೊಸೂರಿನವರಾದ ನಮಗೆ ಗಡಿಯಾರದ ಮಾತು ಹೊಸದಲ್ಲ. 1984ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ ಹುಟ್ಟುಹಾಕಿದ ಟೈಟನ್ ಕಂಪೆನಿಯ ಕಾರ್ಖಾನೆ ನಮ್ಮೂರಲ್ಲಿಯೇ ಇದೆ. ಅದಕ್ಕೂ ಹಿಂದೆ, 1961ರಲ್ಲಿ, ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರಗಳು ತಯಾರಾಗತೊಡಗಿದುವು. ಆ ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತಾದರೂ, ಎಷ್ಟೋ ಮಂದಿ ಹಳೆಯ ಮೇಷ್ಟರುಗಳ ನೆನಪು ಬಂದಾಗ ಅವರ ಕೈಮೇಲಿನ ಎಚ್.ಎಂ.ಟಿ.ಯೂ ಜೊತೆಯಲ್ಲಿಯೇ ನೆನಪಾಗುತ್ತದೆ. ನನ್ನ ತಾತನೂ ಮೇಷ್ಟರೇ. ಆದರೆ ಅವರ ಕೈಯಲ್ಲಿದ್ದುದು ಸ್ವಿಟ್ಜರ್ಲೆಂಡಿನ ಒಮೇಗಾ ಸೀಮಾಸ್ಟರ್.

ಕನ್ನಡ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಒಮೇಗಾ ಎಲ್ಲಿಂದ ಬಂದೀತು? ಕೇಳಿದವರಿಗೆಲ್ಲ ತಾತನದು ಒಂದೇ ಉತ್ತರ: "ಒಬ್ಬ ಹುಡುಗ ಕೊಟ್ಟ." ಗಡಿಯಾರದ ಬೆನ್ನಿನ ಮೇಲೆ 'ಗುರುಗಳಿಗೆ, 1968' ಎಂದು ಕನ್ನಡದಲ್ಲಿ ಕೊರೆದಿತ್ತು. ಯಾವ ಹುಡುಗ, ಎಲ್ಲಿಗೆ ಹೋಗಿ ಸಂಪಾದಿಸಿ ತಂದ, ಎಂಬುದನ್ನು ಅವರು ಹೇಳಲಿಲ್ಲ. ಅವರು ತೀರಿಕೊಂಡ ಮೇಲೆ ಕೇಳಲು ಯಾರೂ ಉಳಿಯಲಿಲ್ಲ.

ಹೋದ ವರ್ಷ ತಮ್ಮನ ಮದುವೆ ನಿಶ್ಚಯವಾಯಿತು. ತಾತನ ಗಡಿಯಾರವನ್ನು ಮದುಮಗನೇ ಕಟ್ಟಬೇಕೆಂದು ಮನೆಯಲ್ಲಿ ಮಾತಾಯಿತು. ಪೆಟ್ಟಿಗೆಯಿಂದ ತೆಗೆದರೆ, ಸರಪಳಿಯ ಸಂದುಗಳಲ್ಲಿ ಕಪ್ಪು ಕೊಳೆ, ಉಕ್ಕಿನ ಮೈಮೇಲೆಲ್ಲ ಗೀರು. ತಮ್ಮ ಅದನ್ನು ಪೇಟೆಯ ಅಂಗಡಿಯೊಂದಕ್ಕೆ ಒಯ್ದ. ಅಂಗಡಿಯವರು ನೋಡಿ, ಯಂತ್ರದ ಮೇಲೆ ಹಿಡಿದು ಪಾಲಿಷ್ ಮಾಡಿದರೆ ಒಂದು ಗಂಟೆಯಲ್ಲಿ ಹೊಸದಾಗುವುದೆಂದರು. ಹಿಂದಿನ ಅಕ್ಷರಗಳು ಅಳಿಸಿಹೋಗಬಹುದು. ಹೋದರೇನು, ಈಗ ಅದನ್ನು ಓದುವವರು ಯಾರು, ಎಂದೂ ಸೇರಿಸಿದರಂತೆ. ತಮ್ಮ ನಕ್ಕು ಮನೆಗೆ ಬಂದು ಈ ಮಾತನ್ನು ಹೇಳಿದ. ನಮ್ಮ ತಂದೆ ನಗಲಿಲ್ಲ. ಗಡಿಯಾರವನ್ನು ನನ್ನ ಕೈಗೆ ಕೊಟ್ಟು, "ನೀನೇ ಮನೆಯಲ್ಲಿ ಶುಚಿಮಾಡು" ಎಂದಷ್ಟೇ ಹೇಳಿದರು.

ಗಡಿಯಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಅವರಲ್ಲಿಗೆ ಹೋದೆ. ಅವರು ಹೇಳಿದ ಮೊದಲ ಪಾಠವೇ ಈ ಬರಹದ ತಿರುಳು. ಕೊಳೆಯೆಂಬುದು ಬೆವರಿನ ಉಪ್ಪು, ಚರ್ಮದ ಎಣ್ಣೆ, ಧೂಳು. ಇದು ಹೊರಗಿನಿಂದ ಬಂದು ಕೂತದ್ದು, ಆದುದರಿಂದ ಒರೆಸಿದರೆ ಹೋಗುತ್ತದೆ. ಗೀರು ಹಾಗಲ್ಲ, ಅದು ಲೋಹದಲ್ಲಿಯೇ ಆದ ತಗ್ಗು. ತಗ್ಗನ್ನು ಮಾಯಮಾಡಬೇಕಾದರೆ ಸುತ್ತಲಿನ ಲೋಹವನ್ನು ಅಷ್ಟೇ ಆಳಕ್ಕೆ ಸವೆಸಬೇಕು. ಕೊರೆದ ಅಕ್ಷರವೂ ಒಂದು ತಗ್ಗೇ ಅಲ್ಲವೆ? ಯಂತ್ರಕ್ಕೆ ಗೀರಿಗೂ ಅಕ್ಷರಕ್ಕೂ ಭೇದ ತಿಳಿಯದು. ಒರೆಸುವುದು ಬೇರೆ, ಉಜ್ಜುವುದು ಬೇರೆ. ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ, ಇವೆಲ್ಲ ಉಜ್ಜುವ ಪಕ್ಷದವು. ಚಿನ್ನದ ನೀರು ಕೊಟ್ಟ ಗಡಿಯಾರವಾದರಂತೂ ತೆಳುವಾದ ಆ ಚಿನ್ನವನ್ನೇ ತಿಂದುಬಿಡಬಲ್ಲವು.

ಎರಡನೆಯ ಪಾಠ ನೀರಿನದು. ತಾತನ ಗಡಿಯಾರ ನೀರಿಗೆ ಅಂಜದ ಜಾತಿಯದೆಂದು ತಮ್ಮ ವಾದಿಸಿದ್ದ. ಒಮೇಗಾ ಕಂಪೆನಿ 1948ರಲ್ಲಿ ಸೀಮಾಸ್ಟರನ್ನು ಹೊರತಂದುದು ನೀರು ತಡೆಯುವ ಗಡಿಯಾರವೆಂದೇ. ಆದರೆ ನೀರನ್ನು ತಡೆಯುವುದು ಉಕ್ಕಲ್ಲ. ಮುಚ್ಚಳದಡಿಯ ರಬ್ಬರಿನ ಉಂಗುರ. ರಬ್ಬರು ವರ್ಷಗಳುರುಳಿದಂತೆ ಒಣಗಿ ಬಿರಿಯುತ್ತದೆ. ಹೊಸ ಗಡಿಯಾರಗಳ ಮಾತಿನಲ್ಲಿಯೂ ಎಚ್ಚರ ಬೇಕು. 30 ಮೀಟರ್ ಎಂದು ಬರೆದಿದ್ದರೆ ಅದನ್ನು ಕಟ್ಟಿಕೊಂಡು ಈಜಬಹುದೆಂದು ಅರ್ಥವಲ್ಲ; ಕೈತೊಳೆಯುವಾಗ ಸಿಡಿದ ಹನಿಯನ್ನು ತಾಳೀತೆಂದಷ್ಟೆ. 100 ಮೀಟರಿನ ಗುರುತುಳ್ಳದ್ದಾಗಿ, ರಬ್ಬರಿನ ಪರೀಕ್ಷೆಯೂ ಈಚೆಗೆ ನಡೆದಿದ್ದರೆ, ಕೀಲಿಯ ತಿರುಪನ್ನು ಬಿಗಿಯಾಗಿ ಒತ್ತಿಟ್ಟು, ಉಗುರುಬೆಚ್ಚನೆಯ ನೀರಿನಲ್ಲಿ ಮೆದುವಾದ ಸಾಬೂನಿನಿಂದ ತೊಳೆಯಬಹುದು. ಬಿಸಿನೀರು, ಹಬೆ ಯಾವುದಕ್ಕೂ ಸಲ್ಲದು. ತೊಗಲಿನ ಪಟ್ಟಿಯನ್ನು ನೆನೆಸಲೇಬಾರದು.

ಮೂರನೆಯದು, ಮುಚ್ಚಳ ತೆರೆಯಬಾರದೆಂಬುದು. ಕೀಲಿ ಕೊಡುವ ಹಳೆಯ ಕೈಗಡಿಯಾರದ ಸಮತೋಲ ಚಕ್ರ ಸಾಮಾನ್ಯವಾಗಿ ಗಂಟೆಗೆ 18,000 ಬಾರಿ, ಎಂದರೆ ಸೆಕೆಂಡಿಗೆ 5 ಬಾರಿ ಮಿಡಿಯುತ್ತದೆ. ದಿನಕ್ಕೆ 4,32,000 ಮಿಡಿತ. ಅಲ್ಲಿ ಬಿದ್ದ ಒಂದು ಕೂದಲೆಳೆಯೂ ಆ ನಡೆಯನ್ನು ಕೆಡಿಸಬಲ್ಲುದು. ಇನ್ನೊಂದು ಭಯವೂ ಉಂಟು. ಕತ್ತಲಲ್ಲಿ ಬೆಳಗಲೆಂದು ಹಿಂದಿನ ಕಾಲದ ಮುಳ್ಳುಗಳಿಗೆ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಅಮೆರಿಕದ ಕಾರ್ಖಾನೆಗಳಲ್ಲಿ ಕುಂಚದ ತುದಿಯನ್ನು ತುಟಿಯಿಂದ ಚೂಪುಮಾಡಿ ಆ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು 1920ರ ದಶಕದಲ್ಲಿ ದವಡೆಯೆಲುಬು ಕೊಳೆತು ಸತ್ತರು. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕು. ಹೊಳಪು ಸತ್ತಿತೆಂದು ಅದರ ವಿಷ ಸಾಯುವುದಿಲ್ಲ. ಅಂಥ ಗಡಿಯಾರವನ್ನು ಮನೆಯಲ್ಲಿ ಬಿಚ್ಚಿ ಆ ಪುಡಿಯನ್ನು ಉಸಿರಾಡುವುದು ಸರ್ವಥಾ ಕೂಡದು.

ಇದನ್ನೆಲ್ಲ ಕೇಳುತ್ತಿದ್ದಾಗ ನನಗೆ ಬೆಳಗಿನ ಪ್ರಾರ್ಥನೆಯ ಸಾಲು ಕಣ್ಮುಂದೆ ನಿಂತಿತು. ಮಕ್ಕಳ ಉಗುರು ನೋಡುತ್ತೇವೆ, ಹಲ್ಲು ನೋಡುತ್ತೇವೆ, ಕಿವಿಯ ಹಿಂದೆ ಒರೆಸಿಕೊಳ್ಳಿರೆನ್ನುತ್ತೇವೆ. ಕಿವಿಯೊಳಗೆ ಮಾತ್ರ ಕಡ್ಡಿ ಹಾಕಬೇಡಿರೆನ್ನುತ್ತೇವೆ. ನಮ್ಮ ಕೈ ಎಲ್ಲಿ ನಿಲ್ಲಬೇಕೆಂಬುದೂ ಶುಚಿತ್ವದ ಪಾಠದೊಳಗಿನದೇ.

ಒಂದು ಭಾನುವಾರ ಕಿಟಕಿಯ ಬೆಳಕಿನಲ್ಲಿ ಬಿಳಿಯ ಬಟ್ಟೆ ಹಾಸಿಕೊಂಡು ಕುಳಿತೆ. ಹಿರಿಯರು ಕೊಟ್ಟ ಸಣ್ಣ ಕವೆಗೋಲಿನಿಂದ ಸರಪಳಿಯ ಎರಡು ತುದಿಗಳನ್ನೂ ಬಿಡಿಸಿದೆ. ಸರಪಳಿಯನ್ನು ಬಟ್ಟಲಿನ ಸಾಬೂನುನೀರಿನಲ್ಲಿ ಕಾಲು ಗಂಟೆ ಇಟ್ಟು, ಮಕ್ಕಳ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಸಂದನ್ನೂ ತೀಡಿದೆ. ನೀರು ಚಹದ ಬಣ್ಣಕ್ಕೆ ತಿರುಗಿತು. ಶುದ್ಧ ನೀರಿನಲ್ಲಿ ಜಾಲಾಡಿ ನೆರಳಿನಲ್ಲಿ ಆರಹಾಕಿದೆ. ಗಡಿಯಾರದ ಒಡಲಿಗೆ ನೀರು ಸೋಕಿಸಲಿಲ್ಲ. ಹಿಂಡಿ ತೆಗೆದ, ತೇವ ಇದ್ದೂ ಇಲ್ಲದಂತಿದ್ದ ಬಟ್ಟೆಯಿಂದ ಒರೆಸಿ, ಕೂಡಲೆ ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿದೆ. ಅದರ ಗಾಜು ಗಾಜಲ್ಲ, ಆ ಕಾಲದ ಪ್ಲಾಸ್ಟಿಕ್ಕು. ಸ್ಪಿರಿಟ್ ಹಚ್ಚಿದರೆ ಸೂಕ್ಷ್ಮವಾದ ಬಿರುಕು ಬಿಡುವುದೆಂದು ಹಿರಿಯರು ಎಚ್ಚರಿಸಿದ್ದರಿಂದ ಅದಕ್ಕೂ ಬಟ್ಟೆಯಷ್ಟೇ ಸಾಕೆನಿಸಿತು.

ಕೊನೆಗೆ ಬೆನ್ನಿನ ಮುಚ್ಚಳ. ಕೈಗೆ ತಾಗುವ ಭಾಗವಾದುದರಿಂದ ಅಂಚಿನ ಸುತ್ತ ಕೊಳೆ ಮೇಣದಂತೆ ಗಟ್ಟಿಯಾಗಿ ಕೂತಿತ್ತು. ಮೆದುಮರದ ಕಡ್ಡಿಯೊಂದನ್ನು ಚೂಪುಮಾಡಿ ಮೆಲ್ಲನೆ ಬಿಡಿಸತೊಡಗಿದೆ. ಅದು ಸುರುಳಿಸುರುಳಿಯಾಗಿ ಎದ್ದುಬಂದಂತೆ ಅಲ್ಲಿ ಏನೋ ಗೆರೆಗಳು ಕಂಡುವು. ಗೀರೆಂದುಕೊಂಡೆ. ಗಡಿಯಾರವನ್ನು ಬೆಳಕಿಗೆ ಓರೆಮಾಡಿ ಹಿಡಿದಾಗ ಅವು ಅಕ್ಷರಗಳಾದುವು. 'ಗುರುಗಳಿಗೆ' ಎಂಬುದಕ್ಕಿಂತಲೂ ಚಿಕ್ಕವು, ಅಂಚಿನ ಬಾಗಿಗೆ ಹೊಂದಿಕೊಂಡು ಬಾಗಿದವು.

ತಮ್ಮನನ್ನು ಕರೆದೆ. ಅವನು ಓದಿದುದು ಬೇರೆ ಮಾಧ್ಯಮದಲ್ಲಿ. ಕನ್ನಡವನ್ನು ಕೂಡಿಸಿ ಕೂಡಿಸಿ ಓದಬೇಕು. ಗಡಿಯಾರವನ್ನು ಕಣ್ಣಿನ ಹತ್ತಿರ ತಂದುಕೊಂಡು ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಓದಿದ: "ಮೂ-ರ-ನೆ-ಯ ತ-ರ-ಗ-ತಿ-ಯ ಹು-ಡು-ಗ."

ಹೆಸರಿರಲಿಲ್ಲ. ಅಷ್ಟು ಬೆಲೆಯ ವಸ್ತುವನ್ನು ತರಬಲ್ಲಷ್ಟು ಬೆಳೆದ ಮನುಷ್ಯ ತನ್ನ ಹುದ್ದೆಯನ್ನು ಬರೆಸಲಿಲ್ಲ, ಊರನ್ನು ಬರೆಸಲಿಲ್ಲ. ಗುರುಗಳ ಮುಂದೆ ತಾನು ಕುಳಿತಿದ್ದ ತರಗತಿಯನ್ನು ಬರೆಸಿದ್ದ. ತಂದೆಯವರು ಬಹಳ ಹೊತ್ತು ಅದನ್ನು ಹಿಡಿದುಕೊಂಡಿದ್ದರು. ನನಗೂ ಮಾತು ಹೊರಡಲಿಲ್ಲ. ಮರುದಿನ ನನ್ನ ಮೂರನೆಯ ತರಗತಿಗೆ ಹೋದಾಗ, ಅಲ್ಲಿರುವ ಹನ್ನೊಂದು ಮಕ್ಕಳ ಮುಖವನ್ನೂ ಒಂದೊಂದಾಗಿ ನೋಡಿದೆ.

ಪಾಲಿಷಿನ ಮಾತನ್ನು ತಮ್ಮ ಮತ್ತೆ ಎತ್ತಲಿಲ್ಲ. ಗೀರುಗಳೊಡನೆಯೇ ಅದನ್ನು ಕಟ್ಟಿಕೊಂಡು ಧಾರೆಗೆ ನಿಂತ. ಒಳಗಿನ ಎಣ್ಣೆ ಬದಲಿಸುವ ಕೆಲಸವನ್ನು ಬಲ್ಲವರಿಗೊಪ್ಪಿಸಲು ಈಗ ತಿಂಗಳಿಗಿಷ್ಟೆಂದು ಹಣ ಕೂಡಿಡುತ್ತಿದ್ದಾನೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಒರೆಸುವ ಹೊಣೆ ಅವನದೇ. ಬಟ್ಟೆಯನ್ನು ಚೆನ್ನಾಗಿ ಹಿಂಡಿದೆಯಾ ಎಂದು ನಾನು ಕೇಳುವುದುಂಟು. ಮೇಷ್ಟರ ಚಾಳಿ ಬಿಡಲಿಲ್ಲವೆಂದು ಅವನು ರೇಗುವುದೂ ಉಂಟು.