ತಲೆಯ ಮೇಲೊಂದು ಮರಕುಟಿಗ

ನಮ್ಮ ಭಾಷೆಯಲ್ಲಿ ತಲೆಗಿರುವಷ್ಟು ನುಡಿಗಟ್ಟುಗಳು ಬೇರೆ ಯಾವ ಅಂಗಕ್ಕೂ ಇರಲಾರವು. ತಲೆ ತಿನ್ನುತ್ತೇವೆ, ತಲೆ ಹಾಕುತ್ತೇವೆ, ತಲೆ ತಪ್ಪಿಸಿಕೊಳ್ಳುತ್ತೇವೆ. ತಲೆ ಕೆಡುವುದೂ ಉಂಟು. ‘ತಲೆ ಕೆಟ್ಟಿದೆಯೇನಯ್ಯಾ?’ ಎಂದು ತರಗತಿಯಲ್ಲಿ ಹುಡುಗರನ್ನು ಎಷ್ಟು ಸಲ ಗದರಿಸಿದ್ದೇನೋ ಲೆಕ್ಕವಿಲ್ಲ. ಹೋದ ವರ್ಷ ಆ ಪ್ರಶ್ನೆಯನ್ನು ನನಗೆ ನಾನೇ ಹಾಕಿಕೊಳ್ಳಬೇಕಾಯಿತು.

ಖಿನ್ನತೆಯೆಂದರೆ ದುಃಖವೆಂದು ತಿಳಿದಿದ್ದೆ. ಅಲ್ಲ. ದುಃಖಕ್ಕೆ ಒಂದು ರುಚಿಯುಂಟು. ಕರುಣರಸವನ್ನು ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಇದು ರುಚಿಯೇ ಇಲ್ಲದ ಸ್ಥಿತಿ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗುತ್ತಿತ್ತು. ಏಳುವುದಕ್ಕೆ ಕಾರಣ ಮಾತ್ರ ತೋರುತ್ತಿರಲಿಲ್ಲ. ಉತ್ತರಪತ್ರಿಕೆಗಳ ಕಟ್ಟು ಬಿಚ್ಚದೆ ಮೇಜಿನ ಮೇಲೆಯೇ ಕುಳಿತಿತ್ತು. ಒಂದು ದಿನ ಸಾರಿಗೆ ಉಪ್ಪನ್ನೇ ಹಾಕಿರಲಿಲ್ಲವಂತೆ. ನಾನು ಮಾತಿಲ್ಲದೆ ಉಂಡು ಎದ್ದೆ. ನನ್ನಾಕೆ ಹೆದರಿದ್ದು ಅಂದು. ‘ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎಂದು ಬಂದವರೆಲ್ಲ ಹೇಳಿದರು. ಮಾಡಿಕೊಳ್ಳಲಾರದ್ದು ನನ್ನ ತಪ್ಪೆಂದೇ ನಾನೂ ನಂಬಿದೆ.

ಎರಡು ಬಗೆಯ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೂ ಗುಣ ಕಾಣದಾದಾಗ ವೈದ್ಯರು ಅಯಸ್ಕಾಂತದ ಚಿಕಿತ್ಸೆಯ ಮಾತೆತ್ತಿದರು. “ಕರೆಂಟು ಕೊಡ್ತಾರಂತಲ್ಲೋ, ಬೇಡ ಕಣಪ್ಪಾ” ಎಂದು ಅಮ್ಮ ಕಣ್ಣೊರಸಿಕೊಂಡರು. ಅದು ಬೇರೆ, ಇದು ಬೇರೆ. ಅರಿವಳಿಕೆ ಕೊಟ್ಟು ಮಾಡುವ ಆ ಚಿಕಿತ್ಸೆಯೂ ತೀವ್ರ ಖಿನ್ನತೆಗೆ ಬಲವಾದ ಮದ್ದೇ. ಸಿನಿಮಾಗಳು ಅದಕ್ಕೆ ಕೆಟ್ಟ ಹೆಸರು ತಂದಿವೆ. ಇದರಲ್ಲಾದರೋ ಅರಿವಳಿಕೆಯಿಲ್ಲ, ಎಚ್ಚರವಾಗಿಯೇ ಕುರ್ಚಿಯಲ್ಲಿ ಒರಗಿರುತ್ತೇವೆ.

ಇದರ ತತ್ತ್ವ ಹಳೆಯದು. ಬದಲಾಗುವ ಕಾಂತಬಲ ವಿದ್ಯುತ್ತನ್ನು ಹುಟ್ಟಿಸುತ್ತದೆಂಬುದನ್ನು ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟದ್ದು ೧೮೩೧ರಲ್ಲಿ. ೧೯೮೫ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತಂತಿಯ ಸುರುಳಿಯನ್ನು ತಲೆಯ ಹತ್ತಿರ ಹಿಡಿದು, ಬುರುಡೆಯ ಹೊರಗಿನಿಂದಲೇ ಮಿದುಳನ್ನು ಪ್ರಚೋದಿಸಿದರು. ೨೦೦೮ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಾತ್ರೆಗೆ ಬಗ್ಗದ ಖಿನ್ನತೆಗೆ ಇದನ್ನು ಬಳಸಲು ಒಪ್ಪಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಈ ಚಿಕಿತ್ಸೆಯುಂಟು.

ಮೊದಲ ದಿನ ಪ್ರಶ್ನೆಗಳ ಸುರಿಮಳೆ. ಮೂರ್ಛೆರೋಗ ಇತ್ತೆ? ತಲೆಯೊಳಗೆ ಲೋಹದ ಚೂರು, ಕಿವಿಯೊಳಗೆ ಕೂರಿಸಿದ ಯಂತ್ರ ಏನಾದರೂ ಇದೆಯೆ? ಹಳಗನ್ನಡ ವ್ಯಾಕರಣ ಬಿಟ್ಟರೆ ನನ್ನ ತಲೆಯಲ್ಲಿ ಗಟ್ಟಿ ಪದಾರ್ಥ ಯಾವುದೂ ಇರಲಿಲ್ಲ. ಆಮೇಲೆ ವೈದ್ಯೆ ಸುರುಳಿಯನ್ನು ತಲೆಯ ಎಡಭಾಗದಲ್ಲಿ ಅತ್ತಿತ್ತ ಸರಿಸುತ್ತ, “ಬಲಗೈ ನೋಡ್ತಿರಿ ಸರ್” ಎಂದರು. ‘ಟಕ್’ ಎಂದಿತು, ನನ್ನ ಹೆಬ್ಬೆರಳು ತಾನಾಗಿ ಕುಣಿಯಿತು! ಯಂತ್ರದ ಬಲವನ್ನು ಆಳಿಗೆ ತಕ್ಕಂತೆ ಗೊತ್ತುಮಾಡುವ ಕ್ರಮವದು. ನನಗೆ ಮಾತ್ರ ಅದೊಂದು ಪಾಠವಾಯಿತು. ನನ್ನ ಅಪ್ಪಣೆಯಿಲ್ಲದೆ ಬೆರಳು ಅಲುಗುವುದಾದರೆ, ನನ್ನ ತಪ್ಪಿಲ್ಲದೆ ಮನಸ್ಸು ನಿಂತುಹೋಗಬಾರದೇಕೆ?

ಮುಂದಿನದು ದಿನಚರಿ. ವಾರಕ್ಕೆ ೫ ದಿನ, ಹೀಗೆ ೬ ವಾರ. ಕಿವಿಗೆ ಬಿರಡೆ. ಎಡಹಣೆಯ ಮೇಲ್ಗಡೆ ಸುರುಳಿ. ೪ ಸೆಕೆಂಡು ಟಕಟಕ, ೨೬ ಸೆಕೆಂಡು ವಿರಾಮ, ಮತ್ತೆ ಟಕಟಕ. ಮರಕುಟಿಗವೊಂದು ತಲೆಯನ್ನೇ ಮರವೆಂದು ಭ್ರಮಿಸಿದಂತೆ. ಹುಬ್ಬು ಸೆಳೆಯುತ್ತದೆ, ನೆತ್ತಿ ಚುರುಗುಟ್ಟುತ್ತದೆ. ಸುಮಾರು ೩೭ ನಿಮಿಷ. ಈಗ ೩ ನಿಮಿಷದಲ್ಲಿ ಮುಗಿಯುವ ಕ್ರಮವೂ ಬಂದಿದೆ. ಮೊದಲ ವಾರ ತಲೆನೋವಿತ್ತು, ತಾನೇ ಹೋಯಿತು. ಸೆಳವು ಬರುವ ಅಪಾಯ ಇಲ್ಲದಿಲ್ಲ, ಆದರೆ ತೀರ ಅಪರೂಪವೆಂದು ವೈದ್ಯೆ ಮೊದಲೇ ಹೇಳಿದ್ದರು. ಮುಗಿಸಿಕೊಂಡು ಬಸ್ಸು ಹಿಡಿದು ಮಧ್ಯಾಹ್ನದ ಪಾಠಕ್ಕೆ ಬರುತ್ತಿದ್ದೆ. ಹಲ್ಲಿನ ಚಿಕಿತ್ಸೆಯೆಂದು ಸಹೋದ್ಯೋಗಿಗಳಿಗೆ ಹೇಳಿದ್ದೆ. ಇದನ್ನು ಓದಿದರೆ ಅವರು ಕ್ಷಮಿಸಲಿ. ನನ್ನ ಹಲ್ಲುಗಳು ಸುಭದ್ರವಾಗಿವೆ.

ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರವೂ ಆಗದಿದ್ದಾಗ ಕೇಳಿಯೇಬಿಟ್ಟೆ. “ಎಲ್ಲರಿಗೂ ಗುಣ ಆಗುತ್ತೆ ಅಂತ ಹೇಳಲಾರೆ ಸರ್. ಹೆಚ್ಚುಕಡಿಮೆ ಅರ್ಧ ಜನಕ್ಕೆ ಚೆನ್ನಾಗಿ ಆಗುತ್ತೆ. ಆಗೋರಿಗೂ ನಿಧಾನ” ಎಂದರು ಆಕೆ. ಆ ನೇರವಾದ ಮಾತಿನಿಂದ ನನಗೇಕೋ ಸಮಾಧಾನವಾಯಿತು.

ಯಾವ ದಿನ ತಿರುಗಿತೆಂದು ಹೇಳಲಾರೆ. ನಾಲ್ಕನೆಯ ವಾರ ಕಳೆದಿರಬೇಕು. ಊಟಕ್ಕೆ ಕುಳಿತವನು, “ಸಾರಿಗೆ ಉಪ್ಪು ಕಡಿಮೆಯಾಯಿತಲ್ಲೇ” ಎಂದೆ. ನನ್ನಾಕೆ ಸೌಟು ಹಿಡಿದುಕೊಂಡೇ ನಿಂತಳು. “ಇನ್ನೊಂದು ಸಲ ಹೇಳಿ ಅಂದ್ರೆ” ಎಂದು ನಕ್ಕಳು. ಸೆರಗು ಕಣ್ಣಿಗೆ ಹೋಗಿತ್ತು. ಅಂದು ರಾತ್ರಿ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದೆ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಅದಲುಬದಲು ಮಾಡಿದ್ದ ಒಬ್ಬನ ಮೇಲೆ ಕೋಪ ಬಂತು. ಎಂಥ ಸೊಗಸಾದ ಕೋಪ!

ಪೂರ್ತಿ ಗುಣವಾಯಿತೆಂದು ಸಾರಲಾರೆ. ಮಾತ್ರೆ ಇನ್ನೂ ಉಂಟು. ಮತ್ತೆ ಬರಬಹುದು, ಬಂದರೆ ಮತ್ತೆ ಆ ಕುರ್ಚಿಯೂ ಇದೆ.

ಮೊನ್ನೆ ಹಿಂದಿನ ಬೆಂಚಿನಲ್ಲಿ ಹುಡುಗನೊಬ್ಬ ಪುಸ್ತಕವನ್ನೂ ತೆರೆಯದೆ, ಕೇಳಿದ್ದಕ್ಕೆ ಉತ್ತರವನ್ನೂ ಕೊಡದೆ ಗೋಡೆ ನೋಡುತ್ತಿದ್ದ. ‘ತಲೆ ಕೆಟ್ಟಿದೆಯೇನಯ್ಯಾ?’ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಗಂಟೆ ಹೊಡೆದ ಮೇಲೆ ಹತ್ತಿರ ಕರೆದು, “ರಾತ್ರಿ ನಿದ್ದೆ ಬರುತ್ತೇನಪ್ಪಾ?” ಎಂದು ಕೇಳಿದೆ.