ಕಾರ್ಡು ಊರಲ್ಲಿ, ಬೇನೆ ಗೋವೆಯಲ್ಲಿ

ಈ ವರ್ಷದ ಕಾರಹುಣ್ಣಿಮೆಗೆ ಗೊಳಸಂಗಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು ಕಾಲಿಗೆರಗಿದ. ಹದಿನೈದು ವರ್ಷಗಳಿಂದ ಗೋವೆಯ ವಾಸ್ಕೋದಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದಾನೆ. ಎಡಗೈ ಸೊಟ್ಟಗಾಗಿತ್ತು. ಅಟ್ಟಣಿಗೆಯಿಂದ ಬಿದ್ದು ಮುರಿದ ಎಲುಬಿಗೆ ನಾಟಿ ಕಟ್ಟು ಕಟ್ಟಿಸಿಕೊಂಡು ಸುಮ್ಮನಿದ್ದನಂತೆ. ಆಸ್ಪತ್ರೆಗೇಕೆ ಹೋಗಲಿಲ್ಲವೆಂದು ಗದರಿದೆ.

“ರೊಕ್ಕ ಕೇಳಿದ್ರ ಏನ್ ಮಾಡೋದ್ರಿ ಗುರುಗಳ? ನಮ್ಮ ಕಾರ್ಡ ಊರಾಗ ಐತಿ, ಬ್ಯಾನಿ ಅಲ್ಲಿ ಬರ್ತೈತಿ.”

ಅವನ ಅಂಜಿಕೆ ನಿರಾಧಾರವಲ್ಲ. ಗೋವಾ ಸರ್ಕಾರವು 2018ರ ಜನವರಿಯಿಂದ ತನ್ನ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಹೊರರಾಜ್ಯದವರಿಗೆ ಶುಲ್ಕ ವಿಧಿಸಿತು. ಅಲ್ಲಿಯ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಗೆ ಐದು ವರ್ಷಗಳ ವಾಸದ ದಾಖಲೆ ಬೇಕು. ಬಾಡಿಗೆಯ ಕರಾರುಪತ್ರವನ್ನೇ ಕಾಣದ ತಗಡಿನ ಖೋಲಿಯವನು, ಹದಿನೈದು ವರ್ಷವಿದ್ದರೂ, ದಾಖಲೆ ಎಲ್ಲಿಂದ ತಂದಾನು? ದೇಶಕ್ಕೆಲ್ಲ ಒಂದೇ ಪೌರತ್ವವೆಂದು ಪೌರನೀತಿಯ ತರಗತಿಯಲ್ಲಿ ಇವನಿಗೆ ಕಲಿಸಿದವನು ನಾನೇ.

ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆಯ ಕಾರ್ಡು ರಾಜ್ಯದ ಗಡಿ ದಾಟುತ್ತದೆ. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ದೇಶದ ಯಾವುದೇ ನೋಂದಾಯಿತ ಆಸ್ಪತ್ರೆಯಲ್ಲಿ. ಜ್ವರದ ಗುಳಿಗೆಗೆ ಅದು ಒದಗದು, ಒಳರೋಗಿಯಾಗಿ ದಾಖಲಾದರಷ್ಟೇ. ಇವನಲ್ಲಿ ಇದ್ದದ್ದು ರೇಷನ್ ಕಾರ್ಡು ಮಾತ್ರ, ಅದೂ ತಾಯಿಯ ಪೆಟ್ಟಿಗೆಯಲ್ಲಿ. ಮರುದಿನವೇ ಕಾರ್ಡು ಮಾಡಿಕೊಡುವ ಕೇಂದ್ರಕ್ಕೆ ಕರೆದೊಯ್ದೆ. ಸಿಮೆಂಟಿನಿಂದ ಸವೆದ ಬೆರಳಚ್ಚನ್ನು ಯಂತ್ರವು ನಾಲ್ಕು ಬಾರಿ ತಿರಸ್ಕರಿಸಿ ಐದನೆಯ ಬಾರಿ ಒಪ್ಪಿತು.

ಗೋವೆಯಲ್ಲಿರುವ ಶಿಷ್ಯರೇ, ಪಂಚಮಿಗೆ ಬರುವಾಗ ಮನೆಮಂದಿಯ ಆಧಾರ್ ತನ್ನಿರಿ. ಮುಂಜಾನೆ ಒಂಬತ್ತಕ್ಕೆ ಕೇಂದ್ರದ ಬಾಗಿಲಲ್ಲಿ ನಾನಿರುತ್ತೇನೆ.