ಕಿವಿಗೊಟ್ಟು ಓದಿದ ಕತೆ

ಓದು ಕಣ್ಣಿನ ಕೆಲಸವೆಂದು ನಾವು ಭಾವಿಸುತ್ತೇವೆ. ಆದರೆ ಅಕ್ಷರಕ್ಕಿಂತ ಮೊದಲೇ ಕತೆ ಹುಟ್ಟಿತ್ತು. ಅದು ಬಾಳಿದ್ದು ಕೇಳುಗರ ಕಿವಿಯಲ್ಲಿ. ಗಮಕಿಗಳು ಕುಮಾರವ್ಯಾಸನ ಭಾರತವನ್ನು ವಾಚಿಸಿದರೆ ಅಕ್ಷರವರಿಯದವರೂ ಕುರುಕ್ಷೇತ್ರವನ್ನು ಕಾಣುತ್ತಿದ್ದರು. ಪ್ರೌಢಶಾಲೆಯಲ್ಲಿ ಕನ್ನಡದೊಂದಿಗೆ ಇಂಗ್ಲಿಷ್ ಕಾದಂಬರಿಯನ್ನೂ ಬೋಧಿಸುವ ಹೊಣೆ ನನಗೆ ಬಂದಾಗ ಈ ಗಮಕದ ನೆನಪೇ ದಾರಿ ತೋರಿತು.

ನಾನು ಆರಿಸಿಕೊಂಡದ್ದು ಚಾರ್ಲ್ಸ್ ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’. 1860–61ರಲ್ಲಿ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಕೃತಿ ಅದು. ಡಿಕನ್ಸನು 1853ರಿಂದಲೇ ತನ್ನ ಕತೆಗಳನ್ನು ಸಾರ್ವಜನಿಕ ಸಭೆಗಳಲ್ಲಿ ತಾನೇ ಓದಿ, ಪಾತ್ರಕ್ಕೆ ತಕ್ಕ ದನಿ ಕೊಟ್ಟು, ಜನರನ್ನು ನಗಿಸಿ ಅಳಿಸಿದವನು. ಅವನ ಬರಹದಲ್ಲಿ ಸದ್ದು ಬರಿಯ ಅಲಂಕಾರವಲ್ಲ. ಕತೆಯ ಅಂಗವೇ ಆಗಿದೆ.

ನನ್ನ ವಿದ್ಯಾರ್ಥಿಗಳಿಗೋ ಇಂಗ್ಲಿಷೆಂದರೆ ಅಂಜಿಕೆ. ಗೈಡಿನ ಉತ್ತರಗಳನ್ನು ಕಂಠಪಾಠ ಮಾಡಿ ಒಪ್ಪಿಸುವುದೇ ಅವರು ಬಲ್ಲ ಓದು. ಒಂದು ದಿನ ಸಂದರ್ಭವನ್ನು ಕನ್ನಡದಲ್ಲಿ ತಿಳಿಸಿ, ಪುಸ್ತಕವನ್ನೂ ಕಣ್ಣನ್ನೂ ಮುಚ್ಚಿ ಕೇಳಿರೆಂದೆ. ಬಾಲಕ ಪಿಪ್, ತಪ್ಪಿಸಿಕೊಂಡು ಬಂದ ಕೈದಿಯೊಬ್ಬನಿಗೆ ಆಹಾರವನ್ನೂ ಒಂದು ಅರವನ್ನೂ ಕದ್ದು ತಂದುಕೊಡುತ್ತಾನೆ. ಹಿಂತಿರುಗುವಾಗ ಮಂಜಿನಲ್ಲಿ ಕೈದಿ ಕಾಣುವುದಿಲ್ಲ; ಕಾಲಿನ ಬೇಡಿಯನ್ನು ಅರದಿಂದ ಉಜ್ಜುವ ಸದ್ದು ಮಾತ್ರ ಕೇಳುತ್ತದೆ. ಆ ಭಾಗವನ್ನು ಓದಿ, ಕಬ್ಬಿಣದ ತುಂಡೊಂದನ್ನು ಅರದಿಂದ ಉಜ್ಜತೊಡಗಿದೆ.

“ಮೇಷ್ಟ್ರೇ, ಬೇಡಿ ಬೇಗ ಕಡಿಯುವುದಿಲ್ಲ. ಅಷ್ಟರಲ್ಲಿ ಆ ಸದ್ದೇ ಅವನನ್ನು ಹಿಡಿದುಕೊಟ್ಟೀತು!” ಎಂದಿತು ಹಿಂದಿನ ಬೆಂಚಿನ ದನಿ. ಇಂಗ್ಲಿಷ್ ಪಾಠದಲ್ಲಿ ಎಂದೂ ಬಾಯಿ ತೆರೆಯದ, ಕಮ್ಮಾರರ ಮನೆಯ ಹುಡುಗ ಅವನು. ಕೈದಿಯ ಅಪಾಯವನ್ನು ಅವನಷ್ಟು ಚೆನ್ನಾಗಿ ಯಾರು ವಿವರಿಸಿಯಾರು?

ಮಿಸ್ ಹ್ಯಾವಿಶಾಮಳ ಮನೆಯಲ್ಲಿ ಗಡಿಯಾರಗಳೆಲ್ಲ ನಿಂತುಹೋಗಿವೆ. ಅಲ್ಲಿಗೆ ಬಂದಾಗ ನಾವು ಒಂದು ನಿಮಿಷ ಸುಮ್ಮನೆ ಕುಳಿತೆವು. ಮೌನಕ್ಕೂ ಅರ್ಥವುಂಟೆಂದು ಮಕ್ಕಳು ಅರಿತರು. ಪ್ರತಿ ಬಾರಿಯೂ ಪುಸ್ತಕವನ್ನು ತೆರೆದು, ಕೇಳಿದ್ದನ್ನು ಯಾವ ಪದಗಳು ಹೇಳುತ್ತವೆಂದು ಹುಡುಕುತ್ತಿದ್ದೆವು. ಸದ್ದು ಪದಗಳತ್ತ ಒಯ್ಯದಿದ್ದರೆ ಅದು ಬರಿಯ ಆಟವಾದೀತು.

ಮುಂದೆ ಲಂಡನ್ನಿನಲ್ಲಿ ದೊಡ್ಡ ಮನುಷ್ಯನಾದ ಪಿಪ್, ತನ್ನನ್ನು ಸಾಕಿದ ಭಾವ, ಕಮ್ಮಾರ ಜೋ ಬಂದಾಗ ನಾಚಿಕೊಳ್ಳುತ್ತಾನೆ. ಏಕೆಂದು ಕೇಳಿದೆ. ಅದೇ ಹುಡುಗ ಎದ್ದುನಿಂತು, ತಡವರಿಸುತ್ತ, ಇಂಗ್ಲಿಷಿನಲ್ಲೇ ಹೇಳಿದ: ಪಿಪ್ ಸುತ್ತಿಗೆಯ ಸದ್ದನ್ನು ಮರೆತಿದ್ದಾನೆ. ಆ ಉತ್ತರ ಯಾವ ಗೈಡಿನಲ್ಲಿಯೂ ಇರಲಿಲ್ಲ.

ಅರ್ಥವಾಗದ ಪುಟ ಎದುರಾದಾಗ ಅದನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಅಲ್ಲಿ ಯಾವ ಸದ್ದು ಕೇಳುತ್ತಿದೆ, ಯಾರು ಮಾತಾಡುತ್ತಿದ್ದಾರೆ, ಯಾರು ಸುಮ್ಮನಿದ್ದಾರೆ ಎಂದು ಕಿವಿಗೊಡಿ. ಪರಭಾಷೆಯ ಕತೆಯಲ್ಲಿಯೂ ನಿಮ್ಮ ಮನೆಯ ಸದ್ದೊಂದು ಕೇಳಿಸೀತು.